ಒಂದೇ ಕಥೆ, ಹಲವು ನಾಡಿನ ಮಕ್ಕಳು



ಪೆಂತೆಕೋಸ್ತ್ ಹಬ್ಬದ ಮೊದಲನೆಯ ವಾಚನವನ್ನು (ಪ್ರೇಷಿತರ ಕಾರ್ಯಕಲಾಪಗಳು, 2ನೇ ಅಧ್ಯಾಯ) ನಾವು ಪ್ರತಿವರ್ಷವೂ ಕೇಳುತ್ತೇವೆ. ಜೆರುಸಲೇಮಿನಲ್ಲಿ ನಾನಾ ದೇಶಗಳ ಜನ ನೆರೆದಿದ್ದರು. ಪ್ರೇಷಿತರು ಮಾತನಾಡತೊಡಗಿದಾಗ ಪ್ರತಿಯೊಬ್ಬರಿಗೂ ಅದು ತಮ್ಮ ಹುಟ್ಟುನುಡಿಯಲ್ಲೇ ಕೇಳಿಸಿತು. ಇಲ್ಲಿ ಒಂದು ಸೂಕ್ಷ್ಮವಿದೆ. ಪವಿತ್ರಾತ್ಮರು ಆ ಜನರಿಗೆಲ್ಲ ಗಲಿಲೇಯದವರ ಭಾಷೆಯನ್ನು ಕಲಿಸಲಿಲ್ಲ. ಅವರವರ ಭಾಷೆಯನ್ನು ಅವರವರಿಗೇ ಉಳಿಸಿ, ಒಂದೇ ಸಂದೇಶವನ್ನು ಎಲ್ಲರ ಹೃದಯಕ್ಕೂ ಮುಟ್ಟಿಸಿದರು.

ಬೇರೆ ಬೇರೆ ದೇಶಗಳ ಶಾಲಾಮಕ್ಕಳು ಬೈಬಲಿನ ಒಂದೇ ಕಥೆಯನ್ನು ಆರಿಸಿಕೊಂಡು, ತಮ್ಮ ಮಾತಿನಲ್ಲಿ ಹೇಳಿ, ಚಿತ್ರ ಬರೆದು, ಪರಸ್ಪರ ಹಂಚಿಕೊಳ್ಳುವುದು ಈ ಹಬ್ಬದ ಒಂದು ಚಿಕ್ಕ ರೂಪವೇ ಸರಿ. ಇದು ರಜೆಯಲ್ಲಿ ಮಕ್ಕಳ ಗಲಾಟೆ ತಪ್ಪಿಸುವ ಉಪಾಯವಷ್ಟೇ ಅಲ್ಲವೇ ಎಂದು ಕೆಲವರು ಕೇಳಬಹುದು. ಅಲ್ಲ. ಏಕೆಂದು ನೋಡೋಣ.

ಗಂಡಸಿಯ ಹೊಲದಲ್ಲಿ ಬಿತ್ತುವವನು

ಅರಸೀಕೆರೆ ತಾಲ್ಲೂಕಿನ ಗಂಡಸಿಯ ಒಬ್ಬ ಬಾಲಕನಿಗೆ ಬಿತ್ತುವವನ ಸಾಮತಿಯನ್ನು (ಮತ್ತಾಯ 13) ಓದಿಸಿ, ಚಿತ್ರ ಬರೆಯಲು ಹೇಳಿದೆವು ಎಂದಿಟ್ಟುಕೊಳ್ಳಿ. ಅವನು ಏನು ಬರೆದಾನು? ಮುಂಗಾರಿನ ಮೋಡ, ಜೋಡಿ ಎತ್ತು, ಕೂರಿಗೆ, ರಾಗಿ ಹೊಲ, ಬದುವಿನ ಮೇಲೆ ನಾಲ್ಕು ತೆಂಗಿನ ಮರ. ಬರೆಯುತ್ತಿದ್ದಂತೆ ಅವನಿಗೊಂದು ಸಂಶಯ ಬರುತ್ತದೆ: "ಕೂರಿಗೆಯಲ್ಲಿ ಬಿತ್ತಿದರೆ ಬೀಜ ಸಾಲಿಗೇ ಬೀಳುತ್ತದಲ್ಲ, ಕಾಲುದಾರಿಗೆ ಹೇಗೆ ಬಿತ್ತು?"

ಎಂಥ ಒಳ್ಳೆಯ ಪ್ರಶ್ನೆ! ಯೇಸುಸ್ವಾಮಿಯ ಕಾಲದ ಪಲೆಸ್ತೀನಿನಲ್ಲಿ ರೈತರು ಬೀಜವನ್ನು ಕೈಯಿಂದ ಚೆಲ್ಲಿ ಬಿತ್ತುತ್ತಿದ್ದರು ಎಂಬುದು ಅದಕ್ಕೆ ಉತ್ತರ. ಆ ಉತ್ತರದ ಬೆನ್ನಲ್ಲೇ ಇನ್ನೊಂದು ಹೊಳೆಯುತ್ತದೆ. ದೇವರು ತಮ್ಮ ವಾಕ್ಯವನ್ನು ಒಳ್ಳೆಯ ನೆಲಕ್ಕೆ ಮಾತ್ರ ಅಳೆದು ಹಾಕುವವರಲ್ಲ, ಕಲ್ಲುನೆಲಕ್ಕೂ ಮುಳ್ಳಿಗೂ ಧಾರಾಳವಾಗಿ ಚೆಲ್ಲುವವರು. ಹೊಲವನ್ನೇ ಕಾಣದೆ ದೊಡ್ಡ ಪಟ್ಟಣದಲ್ಲಿ ಬೆಳೆದ ವಿದೇಶದ ಮಗುವಿಗೆ ಕೂರಿಗೆಯ ಸಂಶಯ ಬರಲಾರದು. ಆ ಮಗು ಹಕ್ಕಿಗಳನ್ನೇ ದೊಡ್ಡದಾಗಿ ಬರೆದು, "ಪಾಪ, ಅವಕ್ಕೂ ಹಸಿವಿತ್ತಲ್ಲವೇ?" ಎಂದು ಕೇಳೀತು. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಕಾಣುತ್ತಾರೆ.

ಬರಗಾಲ ಕಂಡವರು, ಕಾಣದವರು

ಇದು ಬರೀ ಊಹೆಯಲ್ಲ. ಮಾರ್ಕ್ ಅಲನ್ ಪೊವೆಲ್ ಎಂಬ ಅಮೆರಿಕದ ಬೈಬಲ್ ವಿದ್ವಾಂಸರು ದುಂದುಗಾರ ಮಗನ ಸಾಮತಿಯನ್ನು (ಲೂಕ 15) ಓದಿಸಿ, ಪುಸ್ತಕ ಮುಚ್ಚಿಸಿ, ನೆನಪಿನಿಂದ ಹೇಳಲು ಕೇಳಿಕೊಂಡರು. ಹೇಳಿದವರು ಮಕ್ಕಳಲ್ಲ, ದೊಡ್ಡವರು. ಮಗ ಆಸ್ತಿಯನ್ನು ಹಾಳುಮಾಡಿದ್ದನ್ನು 100 ಅಮೆರಿಕನ್ನರೂ ಹೇಳಿದರು. ಆದರೆ ಆ ನಾಡಿಗೆ ಘೋರ ಬರಗಾಲ ಬಂದದ್ದನ್ನು ಹೇಳಿದವರು 6 ಮಂದಿ ಮಾತ್ರ. ರಷ್ಯದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಇದನ್ನೇ ಕೇಳಿದಾಗ 50 ಮಂದಿಯಲ್ಲಿ 42 ಮಂದಿ ಬರಗಾಲವನ್ನು ನೆನಪಿಟ್ಟಿದ್ದರು. 1941ರಿಂದ 1944ರವರೆಗೆ ಶತ್ರುಸೈನ್ಯದ ಮುತ್ತಿಗೆಯಲ್ಲಿ ಸಿಕ್ಕಿ, ಹಸಿವಿನಿಂದಲೇ ಲಕ್ಷಾಂತರ ಜನರನ್ನು ಕಳೆದುಕೊಂಡ ನಗರ ಅದು. ಮಗನಿಗೆ ಹಸಿವಾದದ್ದು ಏಕೆ ಎಂದು ತಾಂಜಾನಿಯದಲ್ಲಿ ಕೇಳಿದಾಗ ಹೆಚ್ಚಿನವರು, ಯಾರೂ ಅವನಿಗೆ ತಿನ್ನಲು ಏನನ್ನೂ ಕೊಡಲಿಲ್ಲವಲ್ಲ ಎಂದರು. ಪರಸ್ಥಳದವನನ್ನು ಹಸಿದಿರಲು ಬಿಟ್ಟ ಆ ಊರೇ ಅವರಿಗೆ ತಪ್ಪಾಗಿ ಕಂಡಿತು.

ಯಾರು ಸರಿ? ಲೂಕನ ಶುಭಸಂದೇಶವನ್ನು ತೆರೆದು ನೋಡಿ. ಮೂರು ಮಾತೂ ಅಲ್ಲಿವೆ. ಮೂರು ನಾಡಿನವರು ಒಟ್ಟಿಗೆ ಕುಳಿತಾಗಲೇ ಸಾಮತಿ ಪೂರ್ತಿಯಾಯಿತು. ಮಳೆಗಾಗಿ ಆಕಾಶ ನೋಡುವ ನಮ್ಮ ಬಯಲುಸೀಮೆಯ ಮಕ್ಕಳಿಗೂ ಅಲ್ಲಿ ಹೇಳಲು ಮಾತಿದೆ.

ಯಾರ ಮುಖ, ಯಾರ ಉಡುಪು?

ಹಳೇಬೀಡಿಗೆ ಮಕ್ಕಳನ್ನು ಕರೆದೊಯ್ದವರು ಗಮನಿಸಿರಬಹುದು. 12ನೇ ಶತಮಾನದ ಹೊಯ್ಸಳೇಶ್ವರ ದೇವಾಲಯದ ಗೋಡೆಗಳಲ್ಲಿ ರಾಮಾಯಣ, ಮಹಾಭಾರತದ ಕಥೆಗಳನ್ನು ಸಾಲುಸಾಲಾಗಿ ಕೆತ್ತಿದ್ದಾರೆ. ಎಲ್ಲೋ ಎಂದೋ ನಡೆದ ಕಥೆಯ ಪಾತ್ರಗಳಿಗೆ ಶಿಲ್ಪಿಗಳು ತಮ್ಮ ನಾಡಿನ ಒಡವೆ, ಉಡುಪುಗಳನ್ನೇ ತೊಡಿಸಿದರು. ಕ್ಯಾಮರೂನಿನ ಉತ್ತರಭಾಗದ ಮಾಫಾ ಜನರ ಕ್ರೈಸ್ತ ಸಮುದಾಯಗಳು 1970ರ ದಶಕದಲ್ಲಿ ಇಂಥದ್ದೇ ಕೆಲಸ ಮಾಡಿದವು. ಹಳ್ಳಿಯವರೇ ಶುಭಸಂದೇಶದ ಘಟನೆಗಳನ್ನು ಅಭಿನಯಿಸಿದರು, ಅದನ್ನು ಆಧರಿಸಿ ಚಿತ್ರಗಳನ್ನು ಬರೆಸಲಾಯಿತು. ಆ ಚಿತ್ರಗಳಲ್ಲಿ ಯೇಸುಸ್ವಾಮಿ ಮಾಫಾ ಗುಡಿಸಲುಗಳ ನಡುವೆ ನಡೆದಾಡುತ್ತಾರೆ.

ನಮ್ಮ ಮಕ್ಕಳ ಮಟ್ಟಿಗೆ ಇದು ಸಣ್ಣ ವಿಷಯವಲ್ಲ. ಕ್ಯಾಲೆಂಡರಿನ ನೀಲಿಗಣ್ಣಿನ ಯೇಸುವನ್ನೇ ನೋಡಿ ಬೆಳೆದ ಮಗು, ದೇವರು ಎಲ್ಲೋ ದೂರದವರು, ತನ್ನ ಮನೆ, ತನ್ನ ಬಣ್ಣ, ತನ್ನ ಮಾತು ಅವರಿಗೆ ಸಲ್ಲುವುದಿಲ್ಲ ಎಂದು ಒಳಗೊಳಗೇ ತಿಳಿದುಬಿಟ್ಟರೆ ಆ ಭಾವನೆಯನ್ನು ಮುಂದೆ ಯಾವ ಪ್ರಬೋಧನೆಯೂ ಸುಲಭವಾಗಿ ಅಳಿಸಲಾರದು. ಹಾಗೆಯೇ ತನ್ನೂರಿನ ಚಿತ್ರವೊಂದೇ ಸರಿ ಎಂದು ಹಟ ಹಿಡಿಯುವುದೂ ತಪ್ಪು. ಯೇಸುಸ್ವಾಮಿ ಹುಟ್ಟಿದ್ದು ಬೆತ್ಲೆಹೇಮಿನ ಯೆಹೂದ್ಯ ಕುಟುಂಬದಲ್ಲಿ ಎಂಬ ಸತ್ಯವನ್ನು ಯಾವ ಮಗುವೂ ಮರೆಯಬಾರದು. ಕಂಬಳಿ ಹೊದ್ದ ಕುರುಬನನ್ನು ಬರೆಯಲಿ, ಆದರೆ ಕಳೆದ ಕುರಿಯನ್ನು ಅವನು ಹುಡುಕಿ ತರಲೇಬೇಕು. ಉಡುಪು ಬದಲಾಗಬಹುದು, ನಡೆದ ಸಂಗತಿ ಬದಲಾಗಬಾರದು.

ನಾವು ಮಾಡಬಹುದಾದದ್ದು

ಮಕ್ಕಳು ಮಕ್ಕಳಿಗೆ ನೆರವಾಗಬಲ್ಲರು ಎಂಬ ನಂಬಿಕೆಯಿಂದಲೇ ಫ್ರಾನ್ಸಿನ ಧರ್ಮಾಧ್ಯಕ್ಷ ಫೋರ್ಬಿನ್ ಜಾನ್ಸನ್‌ರವರು 1843ರಲ್ಲಿ 'ಹೋಲಿ ಚೈಲ್ಡ್‌ಹುಡ್' ಸಂಘವನ್ನು ಆರಂಭಿಸಿದರು. 2024ರ ಮೇ ತಿಂಗಳಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ಮೊದಲ ವಿಶ್ವ ಮಕ್ಕಳ ದಿನಕ್ಕೆ ನಾನಾ ದೇಶಗಳ ಮಕ್ಕಳನ್ನು ರೋಮಿಗೆ ಕರೆಸಿದ್ದರು. ನಾವು ರೋಮಿಗೆ ಹೋಗಬೇಕಾಗಿಲ್ಲ. ಗಲ್ಫ್ ನಾಡುಗಳಲ್ಲೋ ಯೂರೋಪಿನಲ್ಲೋ ದುಡಿಯುತ್ತಿರುವ ಬಂಧುಗಳು ನಮ್ಮಲ್ಲಿ ಅನೇಕರಿಗಿದ್ದಾರೆ. ಅವರ ಮಕ್ಕಳೂ ಅಲ್ಲಿ ಧರ್ಮೋಪದೇಶದ ತರಗತಿಗೆ ಹೋಗುತ್ತಾರೆ.

ಎರಡೂ ಕಡೆಯ ಮಕ್ಕಳು ಒಂದೇ ವಾರ ಒಂದೇ ಸಾಮತಿಯನ್ನು ಓದಲಿ. ಪುಸ್ತಕ ಮುಚ್ಚಿ ತಮ್ಮ ಮಾತಿನಲ್ಲಿ ಹೇಳಲಿ. ದೊಡ್ಡವರು ಮಧ್ಯೆ ಬಾಯಿ ಹಾಕಿ ತಿದ್ದುವುದು ಬೇಡ. ಚಿತ್ರ ಬರೆದು ಮೊಬೈಲಿನಲ್ಲಿ ಕಳುಹಿಸಲಿ. ಅಜ್ಜಿಗೆ ಅರ್ಥವಾಗದ ಮೊಮ್ಮಗಳ ಇಂಗ್ಲಿಷನ್ನು ಅಪ್ಪ ಅಮ್ಮ ಕನ್ನಡಕ್ಕೆ ತಿರುಗಿಸಲಿ. ಆಮೇಲೆ ಒಂದೇ ಪ್ರಶ್ನೆ: "ನನ್ನ ಚಿತ್ರದಲ್ಲಿಲ್ಲದ್ದು ನಿನ್ನ ಚಿತ್ರದಲ್ಲಿ ಏನಿದೆ?" ಕೊನೆಗೆ ಎಲ್ಲರೂ ಬೈಬಲನ್ನು ಮತ್ತೆ ತೆರೆದು ಓದಲಿ. ಈ ಕೊನೆಯ ಹೆಜ್ಜೆಯನ್ನು ಬಿಡಬಾರದು, ಏಕೆಂದರೆ ಚಿತ್ರವನ್ನೂ ಮಾತನ್ನೂ ಒರೆಗೆ ಹಚ್ಚಬೇಕಾದದ್ದು ದೇವರ ವಾಕ್ಯವೇ.

ಹೊರನಾಡಿನಲ್ಲಿ ಬೆಳೆಯುವ ನಮ್ಮ ಮಕ್ಕಳು ಕನ್ನಡವನ್ನು ಮರೆಯುತ್ತಿದ್ದಾರೆ, ಊರಿನ ಮಕ್ಕಳಿಗೆ ಅವರು ಅಪರಿಚಿತರಾಗುತ್ತಿದ್ದಾರೆ ಎಂದು ನಾವು ಕೊರಗುತ್ತೇವೆ. ಇಬ್ಬರಿಗೂ ಸೇರಿದ ಒಂದು ಕಥೆ ಉಳಿದರೆ ಮಾತನಾಡಲು ಒಂದು ಜಗಲಿ ಉಳಿದಂತೆ. ಅಂದು ಜೆರುಸಲೇಮಿನಲ್ಲಿ ದೂರದವರನ್ನು ಹತ್ತಿರ ಮಾಡಿದ ಪವಿತ್ರಾತ್ಮರು ನಮ್ಮ ಮಕ್ಕಳ ಮಾತಿಗೂ ಬಣ್ಣಕ್ಕೂ ಇಳಿದು ಬರಲಿ. ಎಲ್ಲ ಕುಟುಂಬಗಳಿಗೂ ಹಬ್ಬದ ಶುಭಾಶಯಗಳು.