ಮಂಗಳೂರಿನ ಯಹೂದಿ ವ್ಯಾಪಾರಿ ಮತ್ತು ನಮ್ಮ ಅಟ್ಟದ ಹಳೇ ಕಾಗದ

ವಿಜಯಪುರದ ಸೊಲ್ಲಾಪುರ ರಸ್ತೆಯ ಮದ್ರಸದಲ್ಲಿ ಒಂದು ದಿನ ಬನೀ ಇಸ್ರಾಯೀಲರ ಪಾಠ ನಡೆದಿತ್ತು. ತಿಕೋಟಾ ಕಡೆಯ ಹುಡುಗನೊಬ್ಬ ಎದ್ದು ನಿಂತು, "ಉಸ್ತಾದರ, ಯಹೂದಿಗಳು ನಮ್ಮ ಕಡೀಗೂ ಬಂದಿದ್ರೇನ್ರಿ?" ಅಂತ ಕೇಳಿದ. ಬಂದಿದ್ದರು ಮಾರಾಯ, ಅದೂ ನಮ್ಮೂರು ಮಂಗಳೂರಿಗೇ ಎಂದೆವು. ತರಗತಿ ನಕ್ಕಿತು. ಅವರಿಗೆ ಹೇಳಿದ ಕಥೆಯನ್ನೇ ನಮ್ಮ ಬ್ಯಾರಿ ಮನೆಗಳಿಗೂ ಹೇಳೋಣ ಅನ್ನಿಸಿತು.

ಅವರ ಹೆಸರು ಅಬ್ರಹಾಂ ಬೆನ್ ಯಿಜು. ಊರು ಟುನೀಶಿಯಾದ ಮಹ್ದಿಯಾ. ಯೆಮನಿನ ಏಡನ್ ಬಂದರಿನ ಮೂಲಕ ಮಂಗಳೂರಿಗೆ ಬಂದು, ಸುಮಾರು 1132ರಿಂದ 1149ರವರೆಗೆ ಈ ಕರಾವಳಿಯಲ್ಲಿ ಬದುಕಿದರು. ಕರಿಮೆಣಸು, ಅಡಿಕೆ, ಏಲಕ್ಕಿ, ಕಬ್ಬಿಣ ಏಡನ್‌ಗೆ ಕಳಿಸುತ್ತಿದ್ದರು. ಕಂಚಿನ ಪಾತ್ರೆ ಮಾಡುವ ಕಾರ್ಖಾನೆಯೂ ಇತ್ತು. 1132ರ ಅಕ್ಟೋಬರ್ 17ರಂದು ಆಶು ಎಂಬ ದಾಸಿಗೆ ಮಂಗಳೂರಿನಲ್ಲೇ ಬಿಡುಗಡೆ ಪತ್ರ ಬರೆದುಕೊಟ್ಟರು. ಅವರ ಮಕ್ಕಳ ತಾಯಿ ಆಕೆಯೇ ಎಂಬುದು ಸಂಶೋಧಕರ ಅಭಿಪ್ರಾಯ. ಅವರ ವ್ಯಾಪಾರ ನೋಡಿಕೊಳ್ಳಲು ಏಡನ್‌ವರೆಗೂ ಹೋಗಿ ಬರುತ್ತಿದ್ದವನು ಬೊಮ್ಮ. ಆತ ತುಳುನಾಡಿನವನು ಎಂದು ಲೇಖಕ ಅಮಿತಾವ್ ಘೋಷ್ ವಾದಿಸುತ್ತಾರೆ.

ವ್ಯಾಪಾರದಲ್ಲಿ ಮುಸ್ಲಿಮರು, ಗುಜರಾತಿ ವಣಿಕರು, ಯಹೂದಿಗಳು ಎಲ್ಲರೂ ಸೇರಿದ್ದರು. ಏಡನ್‌ನಿಂದ ಇವರಿಗೆ ಸಕ್ಕರೆ, ಒಣದ್ರಾಕ್ಷಿ, ಬರೆಯುವ ಕಾಗದ ಬರುತ್ತಿತ್ತು. ಪತ್ರಗಳ ಭಾಷೆ ಅರಬಿ, ಲಿಪಿ ಹೀಬ್ರೂ. ಅರಬಿ ಲಿಪಿಯಲ್ಲಿ ಮಲಯಾಳಂ ಓದಿ ಬೆಳೆದ ನಮಗೆ ಇದು ಹೊಸತಲ್ಲ ನೋಡಿ.

ಮಂಗಳೂರಿನಲ್ಲಿ ಇವರ ಮನೆಯ ಗುರುತಿಲ್ಲ, ಕಾರ್ಖಾನೆಯ ಗುರುತೂ ಇಲ್ಲ. ಹಾಗಾದರೆ ಇಷ್ಟೆಲ್ಲ ತಿಳಿದದ್ದು ಹೇಗೆ? ಬೆನ್ ಯಿಜು ಕೊನೆಗೆ ಈಜಿಪ್ಟ್ ಸೇರಿದರು. ಅವರ ಕಾಗದಗಳು ಹಳೆ ಕೈರೋದ ಬೆನ್ ಎಜ್ರಾ ಸಿನಗಾಗ್ ಸೇರಿದವು. ಸಿನಗಾಗ್ ಎಂದರೆ ಯಹೂದಿಗಳ ಪ್ರಾರ್ಥನಾಲಯ. ಅಲ್ಲಾಹನ ಹೆಸರಿರುವ ಕಾಗದ ಕಾಲಡಿಗೆ ಬೀಳಬಾರದು ಎಂದು ನಾವು ಎತ್ತಿಡುತ್ತೇವಲ್ಲ, ಅವರಲ್ಲೂ ಅದೇ ಅದಬು. ಅಂಥ ಕಾಗದ ಹಾಕಿಡಲೆಂದೇ ಅಲ್ಲಿ ಒಂದು ಕೋಣೆ ಇತ್ತು, ಅದಕ್ಕೆ ಗೆನಿಜಾ ಎನ್ನುತ್ತಾರೆ. ಲೆಕ್ಕದ ಚೀಟಿ, ಮದುವೆ ಕರಾರು, ಕಾಗದ ಪತ್ರ ಎಲ್ಲವೂ ಅಲ್ಲಿ ರಾಶಿ ಬಿದ್ದವು. 1896-97ರಲ್ಲಿ ಸೊಲೊಮನ್ ಶೆಕ್ಟರ್ ಎಂಬ ವಿದ್ವಾಂಸರು ಅದರ ದೊಡ್ಡ ಪಾಲನ್ನು ಕೇಂಬ್ರಿಡ್ಜಿಗೆ ಒಯ್ದರು. ಸುಮಾರು ಎರಡು ಲಕ್ಷ ತುಣುಕುಗಳು ಈಗ ಅಲ್ಲಿವೆ. ಮಂಗಳೂರಿನ ಕಥೆ ಉಳಿದದ್ದು ಹೀಗೆ, ಕಡಲಾಚೆಯ ಒಂದು ಪ್ರಾರ್ಥನಾಲಯದಲ್ಲಿ.

ನಮ್ಮ ರಾಜ್ಯದ ಯಹೂದಿಗಳ ಕುರುಹು ನೋಡಬೇಕೆಂದರೆ ಬೆಂಗಳೂರಿಗೆ ಹೋಗಬೇಕು. 1904ರ ಕಬರಸ್ತಾನ ಅಲ್ಲಿದೆ. ಜಾಗ ಕೊಟ್ಟವರು ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರ್. ಜನ ಕಡಿಮೆಯಾದರೂ ಗೋರಿಗಳ ಮೇಲಿನ ಹೆಸರುಗಳು ಮಾತಾಡುತ್ತವೆ.

ಈಗ ನಮ್ಮ ಮಾತಿಗೆ ಬರೋಣ. ಹಳೆ ಮಸೀದಿ ಕೆಡವಿ ಕಾಂಕ್ರೀಟಿನದ್ದು ಕಟ್ಟುವಾಗ ಮರದ ಕಂಬ, ಕೆತ್ತನೆ ಬಗ್ಗೆ ಮರುಗುವವರಿದ್ದಾರೆ. ಆದರೆ ಅಟ್ಟದ ಪೆಟ್ಟಿಗೆಯಲ್ಲಿದ್ದ ಜಮಾಅತಿನ ಹಳೆ ಲೆಕ್ಕದ ಪುಸ್ತಕ, ನಿಕಾಹ್ ದಫ್ತರು, ಅರಬಿ ಮಲಯಾಳಂ ಕಿತಾಬುಗಳನ್ನು ಯಾರು ನೋಡುತ್ತಾರೆ? ಗೆದ್ದಲು ಹಿಡಿಯಿತೆಂದು ಗೋಣಿಯಲ್ಲಿ ಕಟ್ಟಿ ಹೂತುಬಿಟ್ಟದ್ದನ್ನು ನಾವೇ ಕಂಡಿದ್ದೇವೆ, ಹೂಳಲು ಕೈ ಕೊಟ್ಟದ್ದೂ ಉಂಟು. ಈಗ ನೆನೆದರೆ ನಾಚಿಕೆಯಾಗುತ್ತದೆ. ಅದರಲ್ಲಿ ಯಾರ ಅಜ್ಜಿಯ ಮಹರ್ ಬರೆದಿತ್ತೋ, ಯಾವ ಹಡಗಿನ ಲೆಕ್ಕವಿತ್ತೋ!

ಹರಿದ ಮುಸ್‌ಹಫನ್ನು ಗೌರವದಿಂದ ಹೂಳುವುದು ಸರಿ. ಉಳಿದ ಕಾಗದಕ್ಕೆ ಅವಸರ ಬೇಡ. ಮೊದಲು ಓದಬಲ್ಲ ಹಿರಿಯರಿಗೆ ತೋರಿಸಿ. ಮೊಬೈಲಿನಲ್ಲಿ ಪುಟಪುಟವೂ ಫೋಟೋ ಹಿಡಿಯಿರಿ. ಯಾವ ಮನೆಯದು, ಯಾವ ಮೊಹಲ್ಲಾದ್ದು ಎಂದು ಬರೆದಿಡಿ. ಈ ರಜೆಯಲ್ಲಿ ಮಕ್ಕಳನ್ನು ಅಟ್ಟ ಹತ್ತಿಸಿ. ಬೆನ್ ಯಿಜುವಿನ ಪತ್ರ ಸುಮಾರು ಏಳುನೂರ ಐವತ್ತು ವರ್ಷ ಕಾದಿತ್ತು, ನಮ್ಮ ಗೆದ್ದಲು ಅಷ್ಟು ಕಾಯುವುದಿಲ್ಲ.