ಮರದ ಒಡಲು, ತಂತಿಯ ನಾದ

ಹುಲಿಗಿಯ ಹುಲಿಗೆಮ್ಮನ ಸನ್ನಿಧಿಯಲ್ಲಿ ಹುಣ್ಣಿಮೆಯ ದಿನ, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಗಳಿಂದ ನೆರೆದ ಭಕ್ತಸಮೂಹದ ನಡುವೆ ನಿಂತು ಜೋಗತಿಯರ ಚೌಡಿಕೆಯನ್ನು ಆಲಿಸಿದವರಿಗೆ, ಒಂದೇ ತಂತಿಯಿಂದ ಅಷ್ಟು ತುಂಬಿದ ನಾದ ಹೊರಡುವ ಬಗೆ ಹೇಗೆಂಬ ವಿಸ್ಮಯ ಮೂಡದೆ ಇರದು. ಸಮೀಪದಿಂದ ನೋಡಿದರೆ ಆ ವಾದ್ಯದ ರಚನೆ ಅತ್ಯಂತ ಸರಳವಾದುದು: ಕೊಳಗದಂತಹ ಟೊಳ್ಳಾದ ಒಡಲು, ಅದರ ತಳಕ್ಕೆ ಬಿಗಿದ ತೊಗಲು, ಪಕ್ಕಕ್ಕೆ ನಿಲ್ಲಿಸಿದ ಕೋಲು, ತೊಗಲಿನ ನಡುವಿನಿಂದ ಹೊರಟು ಕೋಲಿನ ಬಿರಡೆಗೆ ಸುತ್ತಿಕೊಂಡ ತಂತಿ. ತಂತಿಯು ಬಲು ತೆಳುವಾದುದರಿಂದ ತಾನೊಂದೇ ಗಾಳಿಯನ್ನು ಹೆಚ್ಚಾಗಿ ಅಲುಗಿಸಲಾರದು; ಅದು ತನ್ನ ಕಂಪನವನ್ನು ತೊಗಲಿಗೆ ಒಪ್ಪಿಸಲು, ವಿಶಾಲವಾದ ತೊಗಲು ಗಾಳಿಯನ್ನು ನೂಕಿ ಆ ಕಂಪನವನ್ನು ನಮ್ಮ ಕರ್ಣಗಳಿಗೆ ಮುಟ್ಟಿಸುತ್ತದೆ.

ಇಂದು ನಮ್ಮ ಊರುಗಳ ತರುಣರ ಕೈಯಲ್ಲಿ ಕಾಣುವ ಗಿಟಾರಿನ ತತ್ತ್ವವೂ ಇದೇ ಆಗಿದ್ದು, ಅಲ್ಲಿ ತೊಗಲಿನ ಸ್ಥಾನವನ್ನು 2.5ರಿಂದ 3 ಮಿಲಿಮೀಟರಿನಷ್ಟು ತೆಳುವಾದ ಮರದ ಮೇಲ್ಹಲಗೆಯು ವಹಿಸಿಕೊಂಡಿದೆ. ಆರು ತಂತಿಗಳ ಕಂಪನ, ಅವನ್ನು ಹೊತ್ತ ಕುದುರೆಯೆಂಬ ತುಂಡಿನ ಮೂಲಕ ಈ ಹಲಗೆಗೆ ಇಳಿಯುತ್ತದೆ. ಹಲಗೆಯು ಭಾರವಾಗಿದ್ದರೆ ತಂತಿಯ ಅಲ್ಪಶಕ್ತಿಗೆ ಅದು ಕದಲದು. ಮೃದುವಾಗಿದ್ದರೆ ತಂತಿಗಳ ಎಳೆತಕ್ಕೆ ಬಾಗಿಹೋಗುವುದು. ಹಗುರತನ ಮತ್ತು ಬಿಗಿತನ ಎಂಬ, ಸಾಮಾನ್ಯವಾಗಿ ಒಂದೆಡೆ ಸೇರದ ಈ ಎರಡು ಗುಣಗಳು ಒಟ್ಟಿಗೆ ದೊರೆಯುವುದು ಶೀತದೇಶಗಳ ಸ್ಪ್ರೂಸ್ ಎಂಬ ಮರದಲ್ಲಿ. ನೀರಿನ ಅರ್ಧದಷ್ಟೂ ಸಾಂದ್ರತೆಯಿಲ್ಲದ ಈ ಮರದ ಎಳೆಯ ಉದ್ದಕ್ಕೆ ಶಬ್ದವು ಸೆಕೆಂಡಿಗೆ ಸುಮಾರು 5000 ಮೀಟರ್ ವೇಗದಿಂದ ಸಾಗುತ್ತದೆ. ಗಾಳಿಯಲ್ಲಿ ಅದರ ವೇಗ ಸುಮಾರು 340 ಮೀಟರ್ ಮಾತ್ರ. ಸ್ಪ್ರೂಸಿಗಿಂತ ಮೆತ್ತಗಿರುವ ಸೀಡರಿನ ಹಲಗೆ, ಮೃದುವಾದ ಮೀಟಿಗೂ ಬೇಗನೆ ಓಗೊಡುತ್ತದೆಂದು ವಾದಕರು ಹೇಳುವುದುಂಟು.

ಒಡಲಿನ ಹಿಂಬದಿಗೂ ಪಕ್ಕಗಳಿಗೂ ಬಳಸುವ ಮರಗಳಲ್ಲಿ ನಮ್ಮ ನಾಡಿನ ಬೀಟೆಗೆ ಲೋಕಖ್ಯಾತಿಯಿದೆ. ಅಮೆರಿಕದ ಮಾರ್ಟಿನ್ ಕಾರ್ಖಾನೆಯು 1969ರಲ್ಲಿ ಬ್ರೆಜಿಲಿನ ಬೀಟೆಯನ್ನು ಬಹುಮಟ್ಟಿಗೆ ಬಿಟ್ಟು ಭಾರತದ ಬೀಟೆಯನ್ನು ಸ್ವೀಕರಿಸಿದಂದಿನಿಂದ, ಪಶ್ಚಿಮಘಟ್ಟದ ಈ ವೃಕ್ಷ ಪಾಶ್ಚಾತ್ಯ ಸಂಗೀತದ ಅಂಗವಾಯಿತು. ಸ್ಪ್ರೂಸಿನ ಇಮ್ಮಡಿಯಷ್ಟು ಸಾಂದ್ರವಾದ ಇದರ ತೆಳುಹಲಗೆಯೊಂದನ್ನು ಎರಡು ಬೆರಳಿನಲ್ಲಿ ತೂಗಿಹಿಡಿದು ಗೆಣ್ಣಿನಿಂದ ತಟ್ಟಿದರೆ, ಗಂಟೆ ಬಾರಿಸಿದಂತೆ ನಾದ ಹೊರಟು ನಿಧಾನವಾಗಿ ಅಡಗುತ್ತದೆ. ಕಿನ್ನಾಳದ ಚಿತ್ರಗಾರರು ಬೊಂಬೆಗಳಿಗೆ ಆರಿಸುವ ಮರದಲ್ಲಿ ಅಂತಹ ಗುಣವನ್ನು ಅರಸುವುದಿಲ್ಲ. ಅವರಿಗೆ ಬೇಕಾದುದು ಉಳಿಗೆ ಒಲಿಯುವ ಹಗುರತನ. ವೀಣೆಗೆ ಹಲಸು, ಬೊಂಬೆಗೆ ಹಗುರವಾದ ಮರ ಎಂಬ ವಿವೇಚನೆ ನಮ್ಮ ಕುಶಲಕರ್ಮಿಗಳಿಗೆ ಪರಂಪರೆಯಿಂದ ಬಂದುದು.

ಆದರೆ ತಟ್ಟಿದಾಗ ಗಂಟೆಯಂತೆ ನುಡಿಯುವ ಮರ, ಗಿಟಾರಿನ ಬೆನ್ನಾದಾಗಲೂ ಅಷ್ಟೇ ಮಹತ್ತರವಾದ ಪರಿಣಾಮವನ್ನು ಬೀರುವುದೇ? ಸ್ಪೇನಿನ ಪ್ರಸಿದ್ಧ ವಾದ್ಯಶಿಲ್ಪಿ ಆಂಟೋನಿಯೋ ದ ಟೊರೆಸ್ 1862ರಲ್ಲಿ, ಮೇಲ್ಹಲಗೆಯನ್ನು ಮರದಿಂದಲೂ ಬೆನ್ನು ಪಕ್ಕಗಳನ್ನು ಕಾಗದದ ರಟ್ಟಿನಿಂದಲೂ ರಚಿಸಿ, ನಾದದ ಮುಖ್ಯ ನೆಲೆ ಮೇಲ್ಹಲಗೆಯೇ ಎಂಬ ತನ್ನ ನಂಬಿಕೆಯನ್ನು ಪರೀಕ್ಷಿಸಿದನು. 2018ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಒಂದು ಅಧ್ಯಯನದಲ್ಲಿ, ಬೆನ್ನು ಪಕ್ಕಗಳ ಮರದಲ್ಲಿ ಮಾತ್ರ ಭೇದವಿದ್ದ ಆರು ಗಿಟಾರುಗಳನ್ನು, ಮರವು ಕಣ್ಣಿಗೆ ಗುರುತಾಗದಂತೆ ಏರ್ಪಡಿಸಿ 52 ಮಂದಿ ವಾದಕರ ಕೈಗೆ ಕೊಡಲಾಯಿತು. ಬೆಲೆಬಾಳುವ ಬ್ರೆಜಿಲ್ ಬೀಟೆಗೂ ಅಗ್ಗವಾದ ಮಹಾಗನಿಗೂ ಅವರು ನೀಡಿದ ಅಂಕಗಳಲ್ಲಿ ಹೇಳಿಕೊಳ್ಳುವಂತಹ ಅಂತರ ಕಾಣಲಿಲ್ಲ. ಬೆನ್ನಿನ ಮರಕ್ಕೆ ಪ್ರಭಾವವೇ ಇಲ್ಲವೆಂದು ಇದರ ಅರ್ಥವಲ್ಲ. ಆ ಪ್ರಭಾವ ಅದರ ಕೀರ್ತಿಗಿಂತ ಬಹಳ ಸಣ್ಣದು.

ಮರದ ಜಾತಿಗಿಂತ ಅದರೊಳಗಿನ ತೇವವೇ ನಮ್ಮ ಸೀಮೆಯಲ್ಲಿ ಹೆಚ್ಚು ಗಮನಾರ್ಹವಾದುದು. ಮರವು ಗಾಳಿಯ ತೇವವನ್ನು ಹೀರಿ ಅಡ್ಡಕ್ಕೆ ಹಿಗ್ಗುತ್ತದೆ, ಒಣಗಿದಾಗ ಅಡ್ಡಕ್ಕೇ ಕುಗ್ಗುತ್ತದೆ. ಉದ್ದದಲ್ಲಿ ಆಗುವ ವ್ಯತ್ಯಾಸ ನಗಣ್ಯ. ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ನೀರುಂಡ ಗಂಗಾವತಿಯ ಭತ್ತದ ಬಯಲಿನಲ್ಲಿ, ಮಳೆಗಾಲದ ದಿನಗಳಲ್ಲಿ, ಹಲಗೆಯು ತೇವವುಂಡು ಭಾರವಾಗಿ ದನಿ ಮಂಕಾಗುವುದು. ಕುಷ್ಟಗಿ, ಯಲಬುರ್ಗಾಗಳ ಜೋಳದ ಹೊಲಗಳ ಮೇಲೆ ಬೀಸುವ ಚೈತ್ರ ವೈಶಾಖದ ಬಿಸಿಗಾಳಿಗೆ ಸಿಕ್ಕರೆ ಅದೇ ಹಲಗೆ ಕುಗ್ಗಿ, ಎಳೆಯ ಗುಂಟ ಕೂದಲಿನಷ್ಟು ಸಣ್ಣದಾಗಿ ಸೀಳಬಹುದು. ವಾದ್ಯವನ್ನು ಗೋಡೆಗೆ ತೂಗುಹಾಕದೆ, ಪೆಟ್ಟಿಗೆಯಲ್ಲಿ ಮುಚ್ಚಿ, ಬೇಸಗೆಯಲ್ಲಿ ಒಳಗೆ ಸ್ವಲ್ಪ ತೇವವಿರುವಂತೆ ಕಾಯ್ದಿಡುವುದು ಯಾವ ದುಬಾರಿ ಮರಕ್ಕಿಂತಲೂ ಹೆಚ್ಚು ಉಪಕಾರಿ.

ಹಲವು ದಶಕಗಳಲ್ಲಿ ಬಲಿಯುವ ಬೀಟೆಯು ಇಂದು ಅಪಾಯದ ಅಂಚಿನಲ್ಲಿದೆ. 2017ರ ಜನವರಿ 2ರಿಂದ ಅದರ ಕುಲಕ್ಕೆ ಸೇರಿದ ಮರಗಳ ಅಂತರರಾಷ್ಟ್ರೀಯ ವ್ಯಾಪಾರವೆಲ್ಲ ನಿಯಂತ್ರಣಕ್ಕೊಳಪಟ್ಟಿತು. 2019ರಲ್ಲಿ ಸಿದ್ಧವಾದ್ಯಗಳಿಗೆ ವಿನಾಯಿತಿ ದೊರೆತರೂ, ಮರದ ಮೇಲಿನ ಎಚ್ಚರಿಕೆ ಸಡಿಲವಾಗಿಲ್ಲ. ಆದುದರಿಂದ ಗಿಟಾರು ಕೊಳ್ಳಹೊರಟ ತರುಣ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೇ: ಮೇಲ್ಹಲಗೆಯ ಎಳೆ ನೇರವಾಗಿಯೂ ಒತ್ತಾಗಿಯೂ ಇದೆಯೇ ಎಂದು ನೋಡಿರಿ, ಬಳಿಕ ಕಣ್ಣು ಮುಚ್ಚಿ ಆಲಿಸಿರಿ, ಕಿವಿಗೆ ಒಪ್ಪಿದುದನ್ನೇ ಕೊಳ್ಳಿರಿ, ಬೆನ್ನಿಗೆ ಬೀಟೆಯೇ ಬೇಕೆಂದು ಹಟ ಹಿಡಿಯಬೇಡಿರಿ.