ತಮಟೆಯ ಪಕ್ಕದಲ್ಲಿ ವೋಕೋಡರ್

ನಂಜನಗೂಡು ತಾಲ್ಲೂಕಿನ ತಗಡೂರು ಎಂದರೆ ಹಳಬರಿಗೆ ಸ್ವಾತಂತ್ರ್ಯ ಹೋರಾಟಗಾರ ತಗಡೂರು ರಾಮಚಂದ್ರರಾಯರು ನೆನಪಾಗುತ್ತಾರೆ, ಖಾದಿ ನೆನಪಾಗುತ್ತದೆ. ಹಾಡು ಕೇಳುವವರಿಗೆ ಈ ಸೀಮೆಯ ಗುರುತು ಬೇರೆ. ಅತ್ತ ನಂಜುಂಡೇಶ್ವರನ ಪಂಚರಥ, ಇತ್ತ ತಿ. ನರಸೀಪುರದ ಕಡೆಯ ಮುಡುಕುತೊರೆ ಜಾತ್ರೆ, ಸುತ್ತೂರು ಜಾತ್ರೆಯ ಭಜನಾ ಮೇಳ. ಮಾದಪ್ಪನ ಕಥೆ ಹಾಡುವ ಕಂಸಾಳೆಯವರು, ತಂಬೂರಿ, ಗಗ್ಗರ, ದಮ್ಮಡಿ ಹಿಡಿದು ಮಂಟೇಸ್ವಾಮಿ ಕಾವ್ಯವನ್ನು ರಾತ್ರಿಯಿಡೀ ಹೇಳುವ ನೀಲಗಾರರು ಇದೇ ನೆಲದವರು. ಗಣಪತಿ ಹಬ್ಬಕ್ಕೋ ರಾಜ್ಯೋತ್ಸವಕ್ಕೋ ಶಾಮಿಯಾನದ ಕೆಳಗೆ ಆರ್ಕೆಸ್ಟ್ರಾ ಕಟ್ಟುವ ಹುಡುಗರೂ ಇದನ್ನೆಲ್ಲ ಕೇಳಿಯೇ ಬೆಳೆದವರು. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಜನಪದವನ್ನೂ ತತ್ವಪದವನ್ನೂ ಗಿಟಾರಿನ ಜೊತೆ ದೊಡ್ಡ ವೇದಿಕೆಗೆ ಹತ್ತಿಸಿದ ಮೇಲೆ, ತಮಟೆಯ ಪಕ್ಕದಲ್ಲಿ ಸಿಂಥಸೈಜರ್ ಇಡುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಆ ಸಿಂಥಸೈಜರಿನ ಹಿಂದೆಯೇ ಬರುವ ಆಸೆ ವೋಕೋಡರ್, ಅಂದರೆ ಮನುಷ್ಯನ ಮಾತನ್ನು ಯಂತ್ರದ ಸ್ವರದಲ್ಲಿ ಆಡಿಸುವ ಪೆಟ್ಟಿಗೆ.

ಅಂಗಡಿಗೆ ಹೋಗುವ ಮುಂಚೆ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಸಿನಿಮಾ ಹಾಡುಗಳಲ್ಲಿ ಕೇಳುವ ‘ರೋಬೋ ದನಿ’ ಬಹುಪಾಲು ವೋಕೋಡರ್ ಅಲ್ಲ, ಆಟೋಟ್ಯೂನ್. 1997ರಲ್ಲಿ ಬಂದ ಈ ತಂತ್ರಾಂಶ ಹಾಡುಗಾರ ಹಿಡಿದ ಶ್ರುತಿಯನ್ನು ಹತ್ತಿರದ ಸ್ವರಕ್ಕೆ ಎಳೆದು ಕೂರಿಸುತ್ತದೆ. 1998ರ ಶೇರ್ ಅವರ ‘ಬಿಲೀವ್’ ಹಾಡನ್ನು ಎಷ್ಟೋ ಜನ ಇಂದಿಗೂ ವೋಕೋಡರ್ ಖಾತೆಗೆ ಬರೆಯುತ್ತಾರೆ. ಬೇಕಾಗಿರುವುದು ಆ ದನಿಯೇ ಆದರೆ ವೋಕೋಡರಿಗೆ ದುಡ್ಡು ಸುರಿಯಬೇಡಿ. ಬಾಯಿಗೆ ಕೊಳವೆ ಕಚ್ಚಿಕೊಂಡು ನುಡಿಸುವ ಟಾಕ್‌ಬಾಕ್ಸ್ ಮತ್ತೂ ಬೇರೆ ವಸ್ತು.

ವೋಕೋಡರ್ ಹುಟ್ಟಿದ್ದು ಸಂಗೀತಕ್ಕಲ್ಲ, ಟೆಲಿಫೋನಿಗೆ. ಅಮೆರಿಕದ ಬೆಲ್ ಲ್ಯಾಬ್ಸ್‌ನ ಹೋಮರ್ ಡಡ್ಲಿ 1928ರ ಸುಮಾರಿಗೆ, ತಂತಿಯ ಮೇಲೆ ಮಾತನ್ನು ಕಡಿಮೆ ಜಾಗದಲ್ಲಿ ಸಾಗಿಸುವ ದಾರಿ ಹುಡುಕುತ್ತಿದ್ದರು. ದನಿಯನ್ನು ತಗ್ಗಿನಿಂದ ಎತ್ತರದವರೆಗೆ ಹಲವು ಪಟ್ಟಿಗಳಾಗಿ ಸೀಳುವುದು, ಪ್ರತಿ ಪಟ್ಟಿಯಲ್ಲಿ ಕ್ಷಣಕ್ಷಣಕ್ಕೂ ಎಷ್ಟು ಬಲವಿದೆ ಎಂದು ಅಳೆಯುವುದು, ಆ ಅಳತೆಯನ್ನು ಇನ್ನೊಂದು ಕಡೆ ಬೇರೊಂದು ಆಧಾರ ನಾದದ ಮೇಲೆ ಹೇರುವುದು: ಉಪಾಯ ಇಷ್ಟೇ. ಎರಡನೇ ಮಹಾಯುದ್ಧದಲ್ಲಿ ಗುಟ್ಟಿನ ಮಾತುಕತೆಗಾಗಿ 1943ರಿಂದ ಬಳಕೆಗೆ ಬಂದ ಸಿಗ್‌ಸ್ಯಾಲಿ ಇದೇ ತತ್ವದ ಮೇಲೆ ನಿಂತಿತ್ತು. ಒಂದೊಂದು ಕೇಂದ್ರದ ಯಂತ್ರವೂ 50 ಟನ್ನಿನ ಮೇಲಿತ್ತು! 1970ರ ದಶಕದಲ್ಲಿ ವೆಂಡಿ ಕಾರ್ಲೋಸ್, ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡದಂಥವರು ಅದನ್ನು ಸಂಗೀತಕ್ಕೆ ಎಳೆತಂದರು. ಇಂದು ಅದೇ ಕೆಲಸವನ್ನು ಕಾಲಡಿಯ ಪೆಡಲ್ ಮಾಡುತ್ತದೆ.

ನಮ್ಮವರಿಗೆ ತೊಡಕು ಇಲ್ಲಿಂದ ಶುರು. ಈ ಸೀಳುವ, ಹೇರುವ ಕೆಲಸದಲ್ಲಿ ಯಂತ್ರ ಇಟ್ಟುಕೊಳ್ಳುವುದು ಹಾಡುಗಾರನ ಬಾಯನ್ನು ಮಾತ್ರ, ಗಂಟಲನ್ನು ಬಿಸಾಡುತ್ತದೆ. ಅಕ್ಷರ ನಿಮ್ಮದು, ಸ್ವರ ಕೀಬೋರ್ಡಿನದು. ನೀವು ಎಷ್ಟೇ ಕಂಪಿಸಿ ಹಾಡಿ, ಎಷ್ಟೇ ಜಾರಿಸಿ ಹಾಡಿ, ಬೆರಳು ಒತ್ತಿದ ಮನೆಯಷ್ಟೇ ಹೊರಗೆ ಬರುತ್ತದೆ. ಹಾರ್ಮೋನಿಯಂ ಮೇಲೆ ಹೊರಿಸಿದ ಹಳೆಯ ಆರೋಪವೂ ಇದೇ. ಗಮಕ ಬರುವುದಿಲ್ಲ ಎಂಬ ತಕರಾರಿನಿಂದಾಗಿ 1940ರಿಂದ 1971ರವರೆಗೆ ಆಕಾಶವಾಣಿ ಅದನ್ನು ದೂರ ಇಟ್ಟಿತ್ತು. ಆದರೆ ಮೈಸೂರಿನಲ್ಲೇ ಇದಕ್ಕೆ ತಿರುಗೇಟಿನಂಥ ಉದಾಹರಣೆಯೂ ಇದೆ. ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನಿಗೆ ಮನಸೋತದ್ದು ಮೈಸೂರು ಅರಮನೆ ಬ್ಯಾಂಡಿನಲ್ಲಿ ಅದನ್ನು ಕೇಳಿ. ಪರದೇಶದ ವಾದ್ಯದಲ್ಲಿ ಅವರು ಗಮಕ ತೆಗೆದರು. ಸ್ವರ ಬಾಗಿಸಲು ವಾದ್ಯ ಜಾಗ ಬಿಟ್ಟರೆ ಉಳಿದದ್ದು ಸಾಧನೆಯ ಮಾತು.

ಹಾಗಾಗಿ ನಾನು ಮೊದಲು ನೋಡುವುದು ಸ್ವರ ಬಾಗಿಸುವ ಸೌಕರ್ಯವನ್ನು. ಕೋರ್ಗ್ ಕಂಪನಿಯ ಮೈಕ್ರೋಕೋರ್ಗ್ 2002ರಿಂದ ಬ್ಯಾಂಡಿನವರ ಅಚ್ಚುಮೆಚ್ಚು. 37 ಪುಟ್ಟ ಕೀಲಿಗಳು, ಜೊತೆಗೇ ಬರುವ ಬಾಗುಕತ್ತಿನ ಮೈಕು. ಆರು ಪೆನ್ಸಿಲ್ ಸೆಲ್ ಹಾಕಿದರೂ ನಡೆಯುತ್ತದೆ. ಜನರೇಟರ್ ಕೈಕೊಡುವ ಊರುಗಳಲ್ಲಿ ಇದು ಸಣ್ಣ ಗುಣವಲ್ಲ. ಸ್ವರ ಜಾರಿಸಲು ಪಿಚ್ ಚಕ್ರವೂ ಉಂಟು. ಆದರೆ ಹಾಡುತ್ತಲೇ ಒಂದು ಕೈಯಲ್ಲಿ ಕೀಲಿ, ಇನ್ನೊಂದರಲ್ಲಿ ಚಕ್ರ ಎಂದರೆ ತಿಂಗಳುಗಟ್ಟಲೆ ಅಭ್ಯಾಸ ಬೇಕು. ನನ್ನ ಒಲವು ಪೆಡಲ್ ಕಡೆಗೆ. ಬಾಸ್ ಕಂಪನಿಯ ವಿಓ–1, ಎಲೆಕ್ಟ್ರೋ–ಹಾರ್ಮೋನಿಕ್ಸ್‌ನ ವಿ256 ಮುಂತಾದವು ಮೈಕಿನ ಮಾತನ್ನು ಗಿಟಾರಿನ ನಾದದ ಮೇಲೆ ಹೇರುತ್ತವೆ. ತಂತಿಯನ್ನು ಬಾಗಿಸಿದರೆ ಮಾತೂ ಬಾಗುತ್ತದೆ. ಪಿಕಪ್ ಹಾಕಿದ ಪಿಟೀಲನ್ನು ಅದೇ ಜಾಗಕ್ಕೆ ಕೊಟ್ಟು ನೋಡಿ, ಗಂಟಲು ಮರಳಿ ಬರುತ್ತದೆ.

ಇನ್ನೂ ಒಂದು ಆಸೆ ನನಗಿದೆ. ನೀಲಗಾರರ ಕಥೆಯಲ್ಲಿ ಹಾಡಿನ ನಡುವೆ ಮಾತು ಬರುತ್ತದಲ್ಲ, ಆ ಮಾತಿಗೆ ತಂಬೂರಿಯ ಶ್ರುತಿಯನ್ನೇ ಆಧಾರ ನಾದವಾಗಿ ಕೊಡಬೇಕು. ವೋಕೋಡರಿಗೆ ಕೊಳಲಿನಂಥ ತಿಳಿ ನಾದ ಒಗ್ಗುವುದಿಲ್ಲ. ಪಟ್ಟಿಪಟ್ಟಿಯಲ್ಲೂ ತುಂಬಿಕೊಂಡಿರುವ, ಝೇಂಕರಿಸುವ ನಾದ ಬೇಕು. ತಂಬೂರಿಯಲ್ಲಿ ಅದು ಹೇರಳ. ಮೀಟು ಮೀಟಿನ ನಡುವೆ ನಾದ ಇಳಿದುಹೋಗುವುದರಿಂದ ಅದನ್ನು ಸಮಮಟ್ಟದಲ್ಲಿ ಹಿಡಿಯುವ ಒಂದು ಕಂಪ್ರೆಸರ್ ಬೇಕಾಗುತ್ತದೆ, ಇಲ್ಲವೇ ಎಲೆಕ್ಟ್ರಾನಿಕ್ ತಂಬೂರಿ. ಅದನ್ನು 1979ರಲ್ಲಿ ರೂಪಿಸಿದವರು ಬೆಂಗಳೂರಿನವರೇ ಆದ ಜಿ. ರಾಜ್ ನಾರಾಯಣ್.

ಎರಡನೆಯ ಪರೀಕ್ಷೆ ಕನ್ನಡದ್ದು. ನಮ್ಮ ಪದಗಳು ಬಹುಮಟ್ಟಿಗೆ ಸ್ವರಾಕ್ಷರದಲ್ಲಿ ಮುಗಿಯುತ್ತವೆ, ಎಳೆದು ಹಾಡಲು ಯಂತ್ರಕ್ಕೆ ಅದು ಅನುಕೂಲ. ಕಷ್ಟ ಕೊಡುವವು ಸ, ಶ, ಚ. ಇವುಗಳ ಸದ್ದು ಎತ್ತರದ ಪಟ್ಟಿಗಳಲ್ಲಿ ಬರೀ ಉಸಿರು. ಆಧಾರ ನಾದದಲ್ಲಿ ಆ ಎತ್ತರವೇ ಇಲ್ಲದಿದ್ದರೆ ಅಕ್ಷರ ಮಾಯ. ಒಳ್ಳೆಯ ಯಂತ್ರ ಮೈಕಿನ ಆ ಸೀತ್ಕಾರವನ್ನು ಹಾಗೆಯೇ ಹೊರಗೆ ಬಿಡುತ್ತದೆ, ಇಲ್ಲವೇ ಅದರ ಜಾಗಕ್ಕೆ ತಾನೇ ಸದ್ದು ತುಂಬುತ್ತದೆ. ಆ ಸೌಲಭ್ಯ ಇಲ್ಲದ್ದನ್ನು ಕೊಳ್ಳಬೇಡಿ. ಒತ್ತಕ್ಷರದ್ದು ಮತ್ತೊಂದು ಪೇಚು: ಅಲ್ಲಿ ಹಲವು ಕಡೆ ಉಸಿರು ತಡೆದ ಒಂದು ಚಿಕ್ಕ ಮೌನವಿದೆ, ನಾದ ಬೇಗ ಕತ್ತರಿಸದಿದ್ದರೆ ಆ ಮೌನ ತುಂಬಿಹೋಗಿ ಪದ ಕೊಳೆಯುತ್ತದೆ. ಮಂಟೇಸ್ವಾಮಿ ಕಥೆಯ ‘ಸಿದ್ದಪ್ಪಾಜಿ’ಯ ಹೆಸರು ಹೇಳಿಸಿ ನೋಡಿ. ಸಕಾರ, ಎರಡು ಒತ್ತು, ಜಕಾರ ಎಲ್ಲವೂ ಒಂದೇ ಹೆಸರಿನಲ್ಲಿವೆ. ಹಕಾರದ ಚಿಂತೆ ಬೇಡ, ಹಾಲನ್ನು ‘ಆಲು’ ಎನ್ನುವ ನಮ್ಮ ಸೀಮೆಯ ನಾಲಗೆ ಅದನ್ನು ಮೊದಲೇ ಬಗೆಹರಿಸಿಕೊಂಡಿದೆ.

ಪಟ್ಟಿಗಳು ಎಷ್ಟಿರಬೇಕು? 1979ರ ರೋಲ್ಯಾಂಡ್ ವಿಪಿ–330ರಲ್ಲಿ 10, ಅದಕ್ಕೂ ಮುಂಚಿನ ಕೋರ್ಗ್ ವಿಸಿ–10ರಲ್ಲಿ 20. ವಿ256ರಲ್ಲಿ 8ರಿಂದ 256ರವರೆಗೆ ತಿರುಗಿಸಿಕೊಳ್ಳಬಹುದು. ಕಡಿಮೆಯಾದರೆ ಯಂತ್ರದ ಸೊಗಸು ಹೆಚ್ಚು, ಮಾತು ಮಸುಕು. ಕಥೆ ಕೇಳಲು ಕೂತ ಜನಕ್ಕೆ ಮಾತು ಮಸುಕಾದರೆ ಅವರು ಏಳುವುದು ಬೋಂಡದ ಅಂಗಡಿ ಕಡೆಗೇ. ಹೆಚ್ಚು ಪಟ್ಟಿಗಳತ್ತ ವಾಲುವುದು ಕ್ಷೇಮ.

ಅಂಗಡಿಯಲ್ಲಿ ಯಾರೂ ಹೇಳದ ವಿಷಯ ತಮಟೆಯದ್ದು. ವೋಕೋಡರಿಗೆ ಮೈಕಿನಲ್ಲಿ ಬಂದದ್ದೆಲ್ಲ ಮಾತೇ. ಪಕ್ಕದಲ್ಲಿ ತಮಟೆ ಬಿದ್ದರೆ ಪ್ರತಿ ಪೆಟ್ಟಿಗೂ ಸಿಂಥಸೈಜರ್ ತಾನಾಗಿ ಬೊಗಳುತ್ತದೆ. ಕಂಸಾಳೆಯ ಲೋಹದ ಸದ್ದು ಎತ್ತರದ ಪಟ್ಟಿಗಳನ್ನೆಲ್ಲ ಒಮ್ಮೆಗೇ ತೆರೆದುಬಿಡುತ್ತದೆ. ಜೊತೆಗೇ ಬರುವ ಬಾಗುಕತ್ತಿನ ಮೈಕು ಮನೆಗೆ ಚೆಂದ, ಇಲ್ಲಿ ಅದು ಸುತ್ತಲಿನದ್ದೆಲ್ಲ ಎಳೆದುಕೊಂಡು ಕುಯ್ಯೋ ಎನ್ನುತ್ತದೆ. ತುಟಿಗೆ ತಾಗಿಸಿ ಹಾಡುವ ಡೈನಾಮಿಕ್ ಮೈಕನ್ನು ತಂಡವೇ ಇಟ್ಟುಕೊಳ್ಳಬೇಕು, ಜೊತೆಗೆ ಸಣ್ಣ ಸದ್ದುಗಳನ್ನು ತಡೆಯುವ ನಾಯ್ಸ್ ಗೇಟ್ ಇರುವ ಯಂತ್ರ. ಗೇಟ್ ಬಿಗಿ ಮಾಡಿದಷ್ಟೂ ಸಾಲಿನ ಮೊದಲ ಅಕ್ಷರ ನುಂಗಿಹೋಗುತ್ತದೆ, ನೋಡಿಕೊಳ್ಳಿ. ತಮಟೆಯವರನ್ನು ಮೈಕಿನ ಬೆನ್ನ ಹಿಂದೆ ನಿಲ್ಲಿಸುವುದು ಇದೆಲ್ಲಕ್ಕಿಂತ ಅಗ್ಗದ ಉಪಾಯ. ಬೇಕೆಂದೇ ತಮಟೆಗೆ ಮೈಕಿಟ್ಟು ಅದರಿಂದ ಸಿಂಥಸೈಜರನ್ನು ಕುಣಿಸಿದರೆ ಅದೂ ಒಂದು ಮಜಾ, ಆದರೆ ಆ ಹೊತ್ತು ಯಾರೂ ಹಾಡಬಾರದು.

ಮಿಕ್ಸರಿನಲ್ಲಿ ಹಾಡುಗಾರನ ಸಹಜ ದನಿಗೆ ಬೇರೆ ದಾರಿ ಇರಲಿ. ವೋಕೋಡರ್ ಮೇಲೆ, ಸಹಜ ದನಿ ತುಸು ಕೆಳಗೆ. ಇಡೀ ಕಾರ್ಯಕ್ರಮಕ್ಕೆ ಎರಡು ಹಾಡಿನಲ್ಲಿ ಬಳಸಿದರೆ ಹೆಚ್ಚಾಯಿತು. ಸಂಜೆ ಜನ ಸೇರುವ ಮುಂಚೆ, ತಂಡಕ್ಕೆ ಸೇರದ ಯಾರನ್ನಾದರೂ ಮೈದಾನದ ಕೊನೆಯ ಟೀ ಅಂಗಡಿ ಹತ್ತಿರ ನಿಲ್ಲಿಸಿ, ಅವರಿಗೆ ಗೊತ್ತಿಲ್ಲದ ಒಂದು ಸಾಲನ್ನು ಯಂತ್ರದಲ್ಲಿ ಹಾಡಿ ಏನು ಕೇಳಿಸಿತು ಎಂದು ವಿಚಾರಿಸಿ. ಪದ ತಪ್ಪಿ ಹೇಳಿದರೆ ಸಹಜ ದನಿಯನ್ನು ಇನ್ನಷ್ಟು ಏರಿಸಿ. 2000ರ ಶಬ್ದಮಾಲಿನ್ಯ ನಿಯಮದಂತೆ ಸಾಮಾನ್ಯವಾಗಿ ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಬೇಕು. ಇದನ್ನೆಲ್ಲ ಕಾರ್ಯಕ್ರಮದ ನಡುವೆ ತಿದ್ದುತ್ತ ಕೂತರೆ ಕಳೆಯುವುದು ಹಾಡಿನ ಹೊತ್ತು.